ನೆಲವೊಂದೇ ಆಸ್ತಿಯೆಂಬ ನಂಬಿಕೆಯೂ ಮನೆಯ ವಿಮೆಯೂ

ಸ್ವಂತ ಮನೆಗೆ ವಿಮೆ ಮಾಡಿಸುವುದು ಅನಗತ್ಯವೆಂಬ ಮಾತು ಕರ್ನಾಟಕದ ಮನೆಯೊಡೆಯರಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದೂ ಒಂದು ಅಭಿಪ್ರಾಯ, ಅದನ್ನೂ ಪರೀಕ್ಷೆಗೆ ಒಡ್ಡಬಹುದು ಎಂದು ಯೋಚಿಸುವವರೇ ವಿರಳ. ಮನೆ ಆರ್‌ಸಿಸಿಯದು, ಅದಕ್ಕೇನಾಗುತ್ತದೆ; ಆದರೂ ಸರ್ಕಾರ ಪರಿಹಾರ ಕೊಟ್ಟೇ ಕೊಡುತ್ತದೆ; ಕಟ್ಟಿದ ಹಣ ವಾಪಸು ಬರುವುದಿಲ್ಲ; ಕೊಡುವ ಹೊತ್ತಿಗೆ ಕಂಪನಿಯವರು ನೂರು ನೆಪ ತೆಗೆಯುತ್ತಾರೆ; ಹೇಗೂ ಬ್ಯಾಂಕಿನವರು ಸಾಲದ ಜೊತೆಗೇ ಇನ್ಶೂರೆನ್ಸ್ ಮಾಡಿಸಿದ್ದಾರೆ: ಹೀಗೆ ಈ ಮಾತಿಗೆ ಕೊಡುವ ಕಾರಣಗಳು ಹಲವು. ಇವುಗಳಲ್ಲಿ ಒಂದೊಂದನ್ನೂ ಬೇರೆಬೇರೆಯಾಗಿ ನೋಡಿದರೆ ಅಲ್ಪಸ್ವಲ್ಪ ಸತ್ಯ ಸಿಗುತ್ತದೆ. ಎಲ್ಲವನ್ನೂ ಒಟ್ಟಿಗೆ ಹಿಡಿದಿಟ್ಟಿರುವ ದಾರ ಮಾತ್ರ ಪೂರ್ತಿ ಸುಳ್ಳು. ಆ ದಾರವೆಂದರೆ, ಆಸ್ತಿ ಎಂಬುದು ಸೈಟು ಮಾತ್ರ, ಅದರ ಮೇಲೆ ನಿಂತ ಕಟ್ಟಡ ಲೆಕ್ಕಕ್ಕಿಲ್ಲದ್ದು, ಗೋಡೆ ಬಿದ್ದರೂ ನೆಲ ಎಲ್ಲಿಗೂ ಹೋಗುವುದಿಲ್ಲ ಎಂಬ ನಂಬಿಕೆ. ವಿಮೆಯನ್ನೇ ಮಾಡಿಸದವರನ್ನು ದಾರಿ ತಪ್ಪಿಸಿರುವುದು ಈ ನಂಬಿಕೆ. ವಿಮೆ ಮಾಡಿಸಿಯೂ ತಪ್ಪು ಮೊತ್ತಕ್ಕೆ ಮಾಡಿಸಿದವರನ್ನು ದಾರಿ ತಪ್ಪಿಸಿರುವುದೂ ಇದೇ.

ಈ ನಂಬಿಕೆ ಹುಟ್ಟಿದ್ದು ಮಾರಾಟದ ಜಗುಲಿಯಲ್ಲಿ. ಬೆಂಗಳೂರಿನ ಜಯನಗರದಲ್ಲೋ ಮಲ್ಲೇಶ್ವರದಲ್ಲೋ ನಲವತ್ತು ವರ್ಷದ ಮನೆಯೊಂದು ಮಾರಾಟಕ್ಕೆ ಬಂದಾಗ ಕೊಳ್ಳುವವನು ಕಟ್ಟಡದ ಒಳಗೆ ಕಾಲಿಡುವ ಗೋಜಿಗೂ ಹೋಗದೆ ಸೈಟಿನ ರೇಟಿಗೆ ಮಾತಾಡುತ್ತಾನೆ, ಮೌಲ್ಯಮಾಪಕನು ವರ್ಷ ವರ್ಷಕ್ಕೆ ಸವಕಳಿ ಕಳೆದು ಕಟ್ಟಡದ ಬೆಲೆಯನ್ನು ಸೊನ್ನೆಯ ಹತ್ತಿರಕ್ಕೆ ತಂದಿಡುತ್ತಾನೆ, ನೋಂದಣಿಯಾದ ವಾರದಲ್ಲಿ ಜೆಸಿಬಿ ಬರುತ್ತದೆ. ಮಾರುವವನ ಮಟ್ಟಿಗೆ ಈ ಲೆಕ್ಕ ಸರಿ. ಆದರೆ ವಿಮೆಯ ಪ್ರಶ್ನೆ ಏಳುವುದು ಮನೆಯನ್ನು ಮಾರುವವನಿಗಲ್ಲ, ಅದರೊಳಗೆ ಬದುಕುವವನಿಗೆ. ಅವನ ಪಾಲಿಗೆ ನಲವತ್ತು ವರ್ಷದ ಗೋಡೆ ಬಿದ್ದರೆ ಅದರ ಜಾಗದಲ್ಲಿ ಏಳುವ ಗೋಡೆಗೆ ಇಂದಿನ ಸಿಮೆಂಟು, ಇಂದಿನ ಕಬ್ಬಿಣ, ಇಂದಿನ ಗಾರೆ ಕೆಲಸದ ಕೂಲಿ ಬೇಕು, ಹಳೆಯ ಗೋಡೆಯೆಂಬ ಕಾರಣಕ್ಕೆ ಯಾವ ಮೇಸ್ತ್ರಿಯೂ ಹಳೆಯ ರೇಟಿಗೆ ಕಟ್ಟಿಕೊಡುವುದಿಲ್ಲ. ತೀರ್ಥಹಳ್ಳಿಯ ಹಳೆಯ ತೊಟ್ಟಿ ಮನೆಯಂಥದ್ದಾದರೆ, ಅದರ ಕಂಬ ತೊಲೆಗಳ ಮರವನ್ನೂ ಆ ಕೆಲಸ ಬಲ್ಲ ಆಚಾರಿಯನ್ನೂ ಹುಡುಕುವ ವೆಚ್ಚ ಹೊಸ ತಾರಸಿ ಮನೆಯ ವೆಚ್ಚವನ್ನು ಮೀರಬಹುದು. ಮಾರುಕಟ್ಟೆಯಲ್ಲಿ ಸವೆದ ಮನೆ, ಮರುನಿರ್ಮಾಣದ ಲೆಕ್ಕದಲ್ಲಿ ಸವೆಯುವುದೇ ಇಲ್ಲ.

ವಿಮೆಯ ಮೂಲತತ್ತ್ವವನ್ನು ಇಲ್ಲಿ ಬಿಡಿಸಿ ಹೇಳಬೇಕು. ಸಾಮಾನ್ಯ ವಿಮೆ ನಿಂತಿರುವುದು ನಷ್ಟಭರ್ತಿಯ ಮೇಲೆ; ಎಂದರೆ, ಅವಘಡಕ್ಕೆ ಮುಂಚೆ ಮನುಷ್ಯ ಯಾವ ಸ್ಥಿತಿಯಲ್ಲಿದ್ದನೋ ಆ ಸ್ಥಿತಿಗೆ ಅವನನ್ನು ಮರಳಿ ತಂದು ನಿಲ್ಲಿಸುವುದು, ಅದಕ್ಕಿಂತ ಮೇಲಕ್ಕೂ ಏರಿಸದೆ ಕೆಳಕ್ಕೂ ಬಿಡದೆ. ನೆಲ ಸುಡುವುದಿಲ್ಲ, ನೀರು ನುಗ್ಗಿದರೆ ಕೊಚ್ಚಿಹೋಗುವುದು ಸಾಮಾನು, ನೆಲವಲ್ಲ. ಆದ್ದರಿಂದ ನೆಲದ ಬೆಲೆ ಮನೆಯ ವಿಮೆಯೊಳಗೆ ಬರುವುದಿಲ್ಲ. ‘ನೆಲವೇ ಆಸ್ತಿ, ಅದು ಉಳಿಯುತ್ತದೆ’ ಎಂಬ ಮಾತು ವಿಮೆಯ ವಿರುದ್ಧದ ವಾದವೆಂದು ಹೇಳಲಾಗುತ್ತದೆಯಾದರೂ, ವಿಮಾ ಕಂಪನಿಗಳು ಆ ಮಾತನ್ನು ಮೊದಲೇ ಒಪ್ಪಿ ನೆಲವನ್ನು ಬದಿಗಿಟ್ಟು ಉಳಿದದ್ದಕ್ಕಷ್ಟೇ ಕಂತು ಕೇಳುತ್ತವೆ. ಕಂತು, ಅಂದರೆ ಪ್ರೀಮಿಯಂ, ಅಷ್ಟು ಕಡಿಮೆಯಿರುವುದಕ್ಕೆ ಇದೂ ಒಂದು ಕಾರಣ. ಸಾಧಾರಣ ಮನೆಯೊಂದಕ್ಕೆ ಅದು ವರ್ಷಕ್ಕೆ ಕೆಲವು ಸಾವಿರ ರೂಪಾಯಿಯೊಳಗೇ ಮುಗಿಯುತ್ತದೆ.

ಲೆಕ್ಕವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ತಪ್ಪುಗಳೆಲ್ಲ ಅಡಗಿರುವುದು ಲೆಕ್ಕದಲ್ಲೇ. 30 ಅಡಿ ಅಗಲ 40 ಅಡಿ ಉದ್ದದ ಸೈಟಿನಲ್ಲಿ ಕೆಳಗೆ 8 ಚದರ, ಮೇಲೆ 6 ಚದರ, ಒಟ್ಟು 14 ಚದರದ ಮನೆಯಿದೆಯೆನ್ನೋಣ. ಕರ್ನಾಟಕದ ಮೇಸ್ತ್ರಿಗಳ ಭಾಷೆಯಲ್ಲಿ ಒಂದು ಚದರವೆಂದರೆ 100 ಚದರ ಅಡಿ. ಕಟ್ಟುವ ವೆಚ್ಚ ಚದರಕ್ಕೆ 2,20,000 ರೂಪಾಯಿ ಎಂದು ಹಿಡಿದರೆ ಕಟ್ಟಡಕ್ಕೆ 30,80,000 ರೂಪಾಯಿ ಬೇಕು. ಸೈಟಿನ ಬೆಲೆ 1 ಕೋಟಿ ಎನ್ನೋಣ. ಮಾರುಕಟ್ಟೆಯ ಬೆಲೆಯೇ ಮನೆಯ ಬೆಲೆಯೆಂದು ತಿಳಿದವನು 1 ಕೋಟಿ 31 ಲಕ್ಷಕ್ಕೆ ವಿಮೆ ಮಾಡಿಸಿದರೆ, ಎಂದೂ ನಷ್ಟವಾಗದ, ಆದ್ದರಿಂದ ಎಂದೂ ಕೈಗೆ ಬಾರದ ಒಂದು ಕೋಟಿಗೆ ಪ್ರತಿವರ್ಷ ಕಂತು ಕಟ್ಟುತ್ತಾನೆ. ಕೆಲವು ವರ್ಷ ಕಟ್ಟಿ, ದುಬಾರಿಯೆಂದು ಬಿಟ್ಟುಬಿಡುತ್ತಾನೆ. ಬ್ಯಾಂಕಿನ ಬಾಕಿ ಸಾಲದಷ್ಟಕ್ಕೆ, 12 ಲಕ್ಷಕ್ಕೆಂದಿಟ್ಟುಕೊಳ್ಳೋಣ, ವಿಮೆ ಮಾಡಿಸಿದವನು ಮನೆ ಪೂರ್ತಿ ಬಿದ್ದಾಗ 12 ಲಕ್ಷ ಪಡೆದು 18 ಲಕ್ಷಕ್ಕೂ ಮೇಲ್ಪಟ್ಟ ಕೊರತೆಯೊಂದಿಗೆ ಖಾಲಿ ಸೈಟಿನ ಮುಂದೆ ನಿಲ್ಲುತ್ತಾನೆ. ಇಬ್ಬರದೂ ಒಂದೇ ತಪ್ಪು: ಕಟ್ಟಡವನ್ನು ಕಟ್ಟಡವಾಗಿ ಅಳೆಯಲಿಲ್ಲ.

ಅಳತೆಯಲ್ಲಿಯೂ ಒಂದು ಸೂಕ್ಷ್ಮವಿದೆ, ಇದನ್ನು ಏಜೆಂಟರೂ ಬಿಡಿಸಿ ಹೇಳುವುದು ಕಡಿಮೆ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ರೂಪಿಸಿದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಬೆಂಕಿ ವಿಮೆಯ ವ್ಯವಹಾರ ನಡೆಸುವ ಸಾಮಾನ್ಯ ವಿಮಾ ಕಂಪನಿಗಳೆಲ್ಲ ಅದನ್ನು ಮಾರಲೇಬೇಕು. ಅದರಲ್ಲಿ ಕಟ್ಟಡದ ವಿಮಾ ಮೊತ್ತವನ್ನು, ಅಂದರೆ ಕಂಪನಿ ಗರಿಷ್ಠವಾಗಿ ಕೊಡಬಹುದಾದ ಹಣವನ್ನು, ಕಾರ್ಪೆಟ್ ಏರಿಯಾವನ್ನು ನಿರ್ಮಾಣದ ದರದಿಂದ ಗುಣಿಸಿ ನಿಗದಿಮಾಡುತ್ತಾರೆ. ಕಾರ್ಪೆಟ್ ಏರಿಯಾವೆಂದರೆ ಹೊರಗೋಡೆಯ ದಪ್ಪ, ಬಾಲ್ಕನಿ, ತೆರೆದ ತಾರಸಿಗಳನ್ನು ಬಿಟ್ಟು, ಒಳಗೋಡೆಗಳನ್ನು ಸೇರಿಸಿಕೊಂಡು, ಬಳಸಲು ಸಿಗುವ ನೆಲ. ಮೇಸ್ತ್ರಿಯಾದರೋ ದರ ಹೇಳುವುದು ಹೊರಗೋಡೆಯನ್ನೂ ಸೇರಿಸಿದ ಅಳತೆಗೆ. ಮೇಲಿನ 14 ಚದರದ ಮನೆಯಲ್ಲಿ ಕಾರ್ಪೆಟ್ ಏರಿಯಾ 1,150 ಚದರ ಅಡಿಯಿದ್ದು, ಮೇಸ್ತ್ರಿ ಹೇಳಿದ ಅಡಿಗೆ 2,200ರ ದರವನ್ನೇ ಹಾಗೇ ತಂದು ಗುಣಿಸಿದರೆ ಬರುವುದು 25,30,000. ಮನೆಯೊಡೆಯನಿಗೆ ತಿಳಿಯದೆಯೇ 5,50,000 ರೂಪಾಯಿ ಅರ್ಜಿಯ ಒಂದು ಅಂಕಣದಲ್ಲಿ ಕರಗಿಹೋಯಿತು. ಅದೇ ವೆಚ್ಚವನ್ನು ಕಾರ್ಪೆಟ್ ಅಳತೆಗೆ ಹೊಂದಿಸಿದರೆ ದರ ಅಡಿಗೆ ಸುಮಾರು 2,680 ಆಗಬೇಕು. ಅಪಾರ್ಟ್‌ಮೆಂಟಿನವರ ಗೊಂದಲ ಇದಕ್ಕಿಂತ ದೊಡ್ಡದು; ಅವರ ಕರಾರುಪತ್ರದಲ್ಲಿ ಎದ್ದು ಕಾಣುವುದು ಮೆಟ್ಟಿಲು, ಲಿಫ್ಟು, ಕಾರಿಡಾರುಗಳ ಪಾಲನ್ನೂ ಸೇರಿಸಿದ ಸೂಪರ್ ಬಿಲ್ಟಪ್ ಏರಿಯಾ.

ಕಾಂಪೌಂಡು, ಗೇಟು, ತಡೆಗೋಡೆ, ಗ್ಯಾರೇಜು, ಸೆಪ್ಟಿಕ್ ಟ್ಯಾಂಕು, ನೀರಿನ ತೊಟ್ಟಿ, ಸೋಲಾರ್ ಫಲಕ, ಮಲೆನಾಡು ಕರಾವಳಿಗಳ ಮನೆಗಳ ಹಿತ್ತಿಲಲ್ಲಿರುವ ಗೋಬರ್ ಗ್ಯಾಸ್ ಘಟಕ, ಇವೆಲ್ಲವೂ ಈ ಪಾಲಿಸಿಯಲ್ಲಿ ಮನೆಯ ಭಾಗವೇ. ಅವುಗಳ ವೆಚ್ಚವನ್ನು ಬರೆಸಿದರೆ ಸಾಕು, ಬರೆಸುವವರು ಬಹಳಿಲ್ಲ. ಕೊಡಗಿನಂಥ ಇಳಿಜಾರಿನ ಊರುಗಳಲ್ಲಿ ತಡೆಗೋಡೆಯೊಂದಕ್ಕೇ ಲಕ್ಷಗಟ್ಟಲೆ ಸುರಿದಿರುತ್ತಾರೆ, ಮಳೆಗಾಲದಲ್ಲಿ ಮೊದಲು ಬೀಳುವುದೂ ಅದೇ.

ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸುವುದರಿಂದ ಹಿಂದೆ ಇನ್ನೂ ದೊಡ್ಡ ಪೆಟ್ಟು ಬೀಳುತ್ತಿತ್ತು. ಹಳೆಯ ಬೆಂಕಿ ಪಾಲಿಸಿಗಳಲ್ಲಿ ಸರಾಸರಿ ನಿಯಮವೆಂಬುದೊಂದಿತ್ತು: 40 ಲಕ್ಷದ ಕಟ್ಟಡಕ್ಕೆ 20 ಲಕ್ಷದ ವಿಮೆಯಿದ್ದು 10 ಲಕ್ಷದ ಹಾನಿಯಾದರೆ, ಅರ್ಧಕ್ಕೆ ವಿಮೆ ಮಾಡಿಸಿದವನಿಗೆ ನಷ್ಟದ ಅರ್ಧವೇ ಎಂದು 5 ಲಕ್ಷವನ್ನಷ್ಟೇ ಕೊಡುತ್ತಿದ್ದರು. ವಿಮೆಯ ಮೇಲೆ ಜನರಿಗೆ ನಂಬಿಕೆ ಹೋಗಲು ಈ ನಿಯಮದ ಕೊಡುಗೆ ಸಣ್ಣದಲ್ಲ. ಗೃಹ ರಕ್ಷಾ ಪಾಲಿಸಿ ಅದನ್ನು ತೆಗೆದುಹಾಕಿದೆ. ಅಳತೆಯನ್ನು ಸರಿಯಾಗಿ ಹೇಳಿದ್ದರೆ, ವಿಮಾ ಮೊತ್ತದ ಮಿತಿಯವರೆಗೆ ಆದ ಹಾನಿಯಷ್ಟನ್ನೂ ಕೊಡುತ್ತಾರೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ (ಹತ್ತು ವರ್ಷದವರೆಗೂ ಮಾಡಿಸಬಹುದು) ಪಡೆದ ಪಾಲಿಸಿಯಲ್ಲಿ ಮೊತ್ತವು ಹೆಚ್ಚುವರಿ ಕಂತಿಲ್ಲದೆ ವರ್ಷಕ್ಕೆ ಶೇಕಡ 10ರಂತೆ ತಾನಾಗಿ ಏರುತ್ತದೆ. ಕಟ್ಟಡಕ್ಕೆ ವಿಮೆ ಮಾಡಿಸಿದವರಿಗೆ, ವಿವರದ ಪಟ್ಟಿ ಕೊಡದಿದ್ದರೂ, ಕಟ್ಟಡದ ಮೊತ್ತದ ಶೇಕಡ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯೊಳಗಿನ ಸಾಮಾನುಗಳಿಗೂ ರಕ್ಷಣೆ ಸಿಗುತ್ತದೆ. ಒಡವೆ ಮತ್ತು ಕಲಾವಸ್ತುಗಳು ಇದರೊಳಗೆ ಬರುವುದಿಲ್ಲ, ಅವನ್ನು ಬೇರೆಯಾಗಿ ಬರೆಸಬೇಕು. ಬಾಡಿಗೆದಾರರೂ ತಮ್ಮ ಸಾಮಾನಿಗಷ್ಟೇ ಪಾಲಿಸಿ ಪಡೆಯಬಹುದೆಂಬುದು ಬಾಡಿಗೆ ಮನೆಗಳಲ್ಲಿರುವ ಬಹುಪಾಲು ಜನರಿಗೆ ಗೊತ್ತೇ ಇಲ್ಲ.

ಆರ್‌ಸಿಸಿ ಮನೆಗೆ ಏನೂ ಆಗುವುದಿಲ್ಲವೆಂಬ ಧೈರ್ಯಕ್ಕೆ ಪಾಲಿಸಿಯ ಹೆಸರೇ ಸ್ವಲ್ಪ ಕಾರಣವಾಯಿತು. ದಶಕಗಳ ಕಾಲ ಇದನ್ನು ‘ಬೆಂಕಿ ವಿಮೆ’ ಎಂದೇ ಕರೆಯುತ್ತ ಬಂದುದರಿಂದ, ಕಾಂಕ್ರೀಟು ಹೊತ್ತಿ ಉರಿಯುವುದಿಲ್ಲ ಎಂಬಲ್ಲಿಗೆ ಜನರ ಯೋಚನೆ ನಿಂತುಬಿಟ್ಟಿತು. ಕರ್ನಾಟಕದಲ್ಲಿ ಮನೆಗಳನ್ನು ಹಾಳುಮಾಡುತ್ತಿರುವುದು ಹೆಚ್ಚಾಗಿ ನೀರು ಮತ್ತು ಮಣ್ಣು. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಿನ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲುಗಳಲ್ಲಿ ಗುಡ್ಡ ಜರಿದಾಗ ಹಂಚಿನ ಮನೆಗೂ ಹೊಸ ತಾರಸಿ ಮನೆಗೂ ಮಣ್ಣು ವ್ಯತ್ಯಾಸ ಮಾಡಲಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದ ಬೀದಿಗಳಿಗೆ ನುಗ್ಗಿತು, ಮಲಪ್ರಭೆ ನರಗುಂದ ಬಾದಾಮಿ ಕಡೆಯ ಹಳ್ಳಿಗಳನ್ನು ಮುಳುಗಿಸಿತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ದೋಣಿ ಮತ್ತು ಟ್ರ್ಯಾಕ್ಟರುಗಳಲ್ಲಿ ಹೊರತಂದರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಜರಿದ ಗುಡ್ಡ ಗಂಗಾವಳಿ ನದಿಗೆ ಬಿದ್ದಾಗ ಎದ್ದ ನೀರಿನ ಅಲೆ ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ತಮ್ಮ ಬೆನ್ನ ಹಿಂದೆ ಗುಡ್ಡವಿಲ್ಲವೆಂದು ನೆಮ್ಮದಿಯಲ್ಲಿದ್ದವರಿಗೆ ಎದುರು ದಡದ ಗುಡ್ಡದಿಂದ ಆಪತ್ತು ಬಂತು. ಇವುಗಳಿಗೆ ಪ್ರತಿ ಮುಂಗಾರಿನ ಮುಂಚೆ ಬೀಳುವ ಸಿಡಿಲನ್ನು ಸೇರಿಸಿಕೊಳ್ಳಬೇಕು. ಮೀಟರ್ ಬೋರ್ಡಿನಿಂದ ಹಿಡಿದು ಗೋಡೆಯೊಳಗಿನ ವೈರಿಂಗಿನವರೆಗೆ ಸುಟ್ಟ ಮನೆಗಳು ಮಲೆನಾಡಿನಲ್ಲಿ ಅಪರೂಪವಲ್ಲ. ಪ್ರವಾಹ, ಭೂಕುಸಿತ, ಸಿಡಿಲು, ಭೂಕಂಪ, ಬಿರುಗಾಳಿ, ಮರ ಅಥವಾ ವಾಹನ ಬಂದು ಬಡಿಯುವುದು, ಗಲಭೆ, ಭಯೋತ್ಪಾದನೆ, ನೀರಿನ ಟ್ಯಾಂಕು ಪೈಪುಗಳು ಒಡೆಯುವುದು, ಎಲ್ಲವೂ ಗೃಹ ರಕ್ಷಾದ ಮೂಲ ಪಾಲಿಸಿಯೊಳಗೇ ಇವೆ. ಅಮೆರಿಕದಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಇದು ಆಶ್ಚರ್ಯವೆನಿಸಬಹುದು, ಏಕೆಂದರೆ ಅಲ್ಲಿನ ಸಾಮಾನ್ಯ ಮನೆ ಪಾಲಿಸಿ ಪ್ರವಾಹವನ್ನೂ ಭೂಕಂಪವನ್ನೂ ಹೊರಗಿಟ್ಟು ಅವಕ್ಕೆ ಬೇರೆ ಹಣ ಕೇಳುತ್ತದೆ.

ಸರ್ಕಾರ ಕೊಡುತ್ತದೆಯೆಂಬ ಮಾತಿಗೆ ಉತ್ತರ ಅಂಕಿಯಲ್ಲೇ ಇದೆ. ವಿಪತ್ತು ಪರಿಹಾರ ನಿಧಿಯ 2022ರಿಂದ 2026ರವರೆಗಿನ ಕೇಂದ್ರದ ಮಾನದಂಡದಂತೆ, ಪೂರ್ತಿ ನಾಶವಾದ ಮನೆಗೆ ಬಯಲುಸೀಮೆಯಲ್ಲಿ 1,20,000 ರೂಪಾಯಿ, ಗುಡ್ಡಗಾಡಿನಲ್ಲಿ 1,30,000 ರೂಪಾಯಿ. ಭಾಗಶಃ ಹಾನಿಗೊಂಡ ಪಕ್ಕಾ ಮನೆಗೆ 6,500 ರೂಪಾಯಿ. 2019ರ ನೆರೆಯ ಬಳಿಕ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತು, ಅದು ದೊಡ್ಡ ಮನಸ್ಸಿನ ತೀರ್ಮಾನವೇ ಆಗಿತ್ತು. ಮೇಲೆ ಲೆಕ್ಕ ಹಾಕಿದ 14 ಚದರದ ಮನೆಗೆ ಅದು ಆರನೆಯ ಒಂದು ಭಾಗಕ್ಕೂ ಕಡಿಮೆ. ಇನ್ನೊಂದು ವರ್ಷ, ಇನ್ನೊಂದು ಸರ್ಕಾರ ಅಷ್ಟನ್ನೇ ಕೊಡುತ್ತದೆಯೆಂಬ ಕರಾರು ಎಲ್ಲಿಯೂ ಇಲ್ಲ. ಪರಿಹಾರಕ್ಕೆ ಪಟ್ಟಿಯಲ್ಲಿ ಹೆಸರು ಸೇರಬೇಕು, ಹಾನಿಯ ದರ್ಜೆ ನಿರ್ಧಾರವಾಗಬೇಕು. ಒಂದೇ ಮನೆಯಲ್ಲಿ ಅಡುಗೆಮನೆಗೆ ಬೆಂಕಿ ಬಿದ್ದರೆ ಯಾವ ತಹಶೀಲ್ದಾರರೂ ಪಟ್ಟಿ ಮಾಡಲು ಬರುವುದಿಲ್ಲ. ಪಾಲಿಸಿಯಾದರೋ ಸಹಿ ಬಿದ್ದ ಕರಾರು, ಅದರ ಹಣವನ್ನು ಹಕ್ಕಿನಿಂದ ಕೇಳಬಹುದು. ಹೀಗಿದ್ದೂ ಸರ್ಕಾರ ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿದಾಗ ಮನೆಯ ವಿಮೆಯ ಮೇಲಿನ ಶೇಕಡ 18ರ ತೆರಿಗೆಯನ್ನು ಹಾಗೆಯೇ ಉಳಿಸಿದ್ದು ಸಮರ್ಥಿಸಲಾಗದ ನಡೆ. ಜನರು ತಾವೇ ಮುಂದೆ ಬಂದು ಹೊರುವ ಹೊರೆ ನಾಳೆ ಖಜಾನೆಯ ಹೊರೆಯನ್ನೇ ಇಳಿಸುತ್ತದೆ.

ಕಟ್ಟಿದ್ದು ವಾಪಸು ಬಾರದೆಂಬ ದೂರು ಬಂದಿರುವುದು ಜೀವ ವಿಮೆಯ ಅಭ್ಯಾಸದಿಂದ. 1956ರಲ್ಲಿ ಜೀವ ವಿಮಾ ನಿಗಮ ಸ್ಥಾಪನೆಯಾದಂದಿನಿಂದ ಕನ್ನಡದ ಮನೆಗಳಲ್ಲಿ ವಿಮೆಯೆಂದರೆ ಎಲ್‌ಐಸಿ, ಎಲ್‌ಐಸಿಯೆಂದರೆ ಮಗಳ ಮದುವೆ ಹೊತ್ತಿಗೆ ಕೈಗೆ ಬರುವ ಗಂಟು. ಉಳಿತಾಯವನ್ನೂ ರಕ್ಷಣೆಯನ್ನೂ ಒಂದೇ ಚೀಟಿಯಲ್ಲಿ ಕಟ್ಟಿದ ಆ ಪಾಲಿಸಿಗಳು ಎರಡು ತಲೆಮಾರಿನವರಿಗೆ ವಿಮೆಯ ಅರ್ಥವನ್ನೇ ಕಲಿಸಿದವು, ಕಲಿಸುವಾಗ ಒಂದನ್ನು ತಪ್ಪಾಗಿ ಕಲಿಸಿದವು. ಮನೆಯ ವಿಮೆಯಲ್ಲಿ ಉಳಿತಾಯದ ಅಂಶವೇ ಇಲ್ಲ. ಸಾವಿರ ಮನೆಯವರು ಸ್ವಲ್ಪ ಸ್ವಲ್ಪ ಹಾಕಿದ ಹಣದಿಂದ ಆ ವರ್ಷ ಮನೆ ಬಿದ್ದ ಒಬ್ಬಿಬ್ಬರ ಮನೆ ಮತ್ತೆ ಏಳುತ್ತದೆ. ತನ್ನ ಮನೆ ಬೀಳದೆ ಉಳಿದ ವರ್ಷದ ಕಂತನ್ನು ನಷ್ಟವೆಂದು ಬರೆದುಕೊಳ್ಳುವವನು, ಮನೆಗೆ ಹಾಕಿಸಿದ ಬಾಗಿಲನ್ನೂ ಕಳ್ಳ ಬಾರದ ವರ್ಷಗಳಲ್ಲಿ ನಷ್ಟವೆಂದೇ ಬರೆದುಕೊಳ್ಳಬೇಕಾಗುತ್ತದೆ. ಮನೆ ಕಟ್ಟಿ ನೋಡು ಎಂಬ ಗಾದೆಯನ್ನು ಬಾಯಿಪಾಠ ಮಾಡಿಕೊಂಡ ಸಮಾಜ, ಒಮ್ಮೆ ಕಟ್ಟುವಷ್ಟರಲ್ಲಿ ಹೈರಾಣಾಗುವ ಸಂಸಾರ ಎರಡನೆಯ ಸಲ ಬರಿಗೈಯಲ್ಲಿ ಕಟ್ಟೀತೆಂದು ಹೇಗೆ ನಂಬಿತೋ ತಿಳಿಯದು.

ಕಂಪನಿಯವರು ಕೊಡುವುದಿಲ್ಲವೆಂಬ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಇದನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಾಗದು. ಕ್ಲೇಮು ತಿರಸ್ಕೃತವಾಗುತ್ತದೆ, ಹಾನಿಯನ್ನು ಅಂದಾಜು ಮಾಡಲು ಬರುವ ಸರ್ವೇಯರ್ ಅದನ್ನು ಕಡಿಮೆ ಬರೆಯುವುದೂ ಉಂಟು. ಆದರೆ ತಿರಸ್ಕಾರದ ಬಹುಪಾಲು ಬೀಜ ಪಾಲಿಸಿಯ ಹೊರಗಿಡುವ ಷರತ್ತುಗಳಲ್ಲೇ ಇದ್ದು, ಅವನ್ನು ಕೊಳ್ಳುವ ದಿನವೇ ಓದಬಹುದು. ಗೆದ್ದಲು, ಗೋಡೆಯ ತೇವ, ವರ್ಷಗಳಿಂದ ಸೋರುವ ತಾರಸಿ ಇವು ನಿಧಾನ ಸವೆತದ ಲೆಕ್ಕಕ್ಕೆ ಹೋಗುತ್ತವೆ. ಕಳ್ಳತನಕ್ಕೆ ಮೂಲ ಪಾಲಿಸಿಯಲ್ಲಿ ಪರಿಹಾರವಿಲ್ಲ. ಬೆಂಕಿ, ಪ್ರವಾಹದಂಥ ಅವಘಡದ ಕಾರಣದಿಂದ, ಅದು ನಡೆದ 7 ದಿನಗಳೊಳಗೆ ಆದ ಕಳವಿಗಷ್ಟೇ ಉಂಟು, ಉಳಿದದ್ದಕ್ಕೆ ಬೇರೆ ರಕ್ಷಣೆ ಕೊಳ್ಳಬೇಕು. ನೆಲ ಕುಸಿದು ಮನೆ ಬಿರುಕುಬಿಟ್ಟರೆ ಪರಿಹಾರವುಂಟು, ಆದರೆ ಹೊಸ ಕಟ್ಟಡ ಕೂರುವಾಗ ಬರುವ ಬಿರುಕಿಗೆ, ತುಂಬಿಸಿದ ಮಣ್ಣಿನ ಕುಸಿತಕ್ಕೆ, ಕಳಪೆ ವಿನ್ಯಾಸಕ್ಕೆ, ಅಗೆತದಿಂದಾದ ಹಾನಿಗೆ ಇಲ್ಲ. ಪಕ್ಕದ ಸೈಟಿನವರು ಬೇಸ್‌ಮೆಂಟಿಗೆಂದು ಅಗೆದಾಗ ಗೋಡೆ ವಾಲಿದ ಬೆಂಗಳೂರಿನ ಮನೆಗಳೂ, ರಸ್ತೆಗಾಗಿ ಗುಡ್ಡ ಕಡಿದ ಜಾಗದ ಕೆಳಗಿರುವ ಮಲೆನಾಡಿನ ಮನೆಗಳೂ ಈ ಷರತ್ತಿನ ಅಂಚಿನಲ್ಲಿ ನಿಂತಿವೆ. ಕೆಳಗೆ ಅಂಗಡಿಯಿಟ್ಟವರು, ಮನೆಯನ್ನು ಹೋಂಸ್ಟೇ ಮಾಡಿದವರು ಅದನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ಕ್ಲೇಮು ಬಿದ್ದುಹೋಗುವುದಕ್ಕೆ ತಾವೇ ದಾರಿ ಮಾಡಿಕೊಟ್ಟಂತೆ, ಏಕೆಂದರೆ ಈ ಪಾಲಿಸಿ ವಾಸದ ಮನೆಗೆ ಮಾತ್ರ.

ಈ ಷರತ್ತುಗಳಲ್ಲಿ ಒಂದು ಮಾತ್ರ ನಿಜಕ್ಕೂ ಅನ್ಯಾಯದ್ದು. ಸಮುದ್ರ ಮತ್ತು ನದಿಯ ಕೊರೆತ ಪಾಲಿಸಿಯ ಹೊರಗಿದೆ. ಉಳ್ಳಾಲ, ಸೋಮೇಶ್ವರ, ಮರವಂತೆಗಳ ಕಡಲಂಚಿನ ಮನೆಗಳಿಗೆ ಇರುವ ಒಂದೇ ದೊಡ್ಡ ಭಯ ಕಡಲ್ಕೊರೆತ. ಮಳೆಗಾಲದಲ್ಲಿ ತೆಂಗಿನ ಸಾಲು ಒಂದೊಂದಾಗಿ ನೀರಿಗೆ ಬಿದ್ದು, ಆಮೇಲೆ ಹಿತ್ತಿಲು, ಆಮೇಲೆ ಗೋಡೆಯ ಸರದಿ ಬರುತ್ತದೆ. ಅಲ್ಲಿನ ಮೀನುಗಾರ ಸಂಸಾರಕ್ಕೆ ಭೂಕಂಪಕ್ಕೂ ಜ್ವಾಲಾಮುಖಿಗೂ ರಕ್ಷಣೆ ಮಾರಿ, ಕಡಲನ್ನು ಮಾತ್ರ ಹೊರಗಿಡುವ ಪಾಲಿಸಿಯನ್ನು ಪೂರ್ಣ ರಕ್ಷಣೆಯೆಂದು ಕರೆಯಲಾಗದು. ಕೊರೆತವು ನಿಧಾನವಾಗಿ, ಖಚಿತವಾಗಿ ಬರುವಂಥದ್ದು, ಖಚಿತವಾದುದಕ್ಕೆ ವಿಮೆ ಮಾಡಲಾಗದು ಎಂಬುದು ವಿಮಾಶಾಸ್ತ್ರದ ಸಮರ್ಥನೆ, ಅದರಲ್ಲಿ ತರ್ಕವಿದೆ. ಹಾಗಿದ್ದರೆ ಆ ಮನೆಗಳ ಹೊಣೆಯನ್ನು ಸರ್ಕಾರ ಬರಹದಲ್ಲಿ ಹೊರಬೇಕು. ಕಲ್ಲು ಸುರಿದು ವರ್ಷ ದೂಡುವುದು ಹೊಣೆಯಾಗುವುದಿಲ್ಲ. ವಿಮೆಯ ವಿರುದ್ಧ ಮಾತಾಡುವವರು ಈ ಪ್ರಶ್ನೆಯನ್ನು ಎತ್ತಿದ್ದರೆ ಅವರ ಮಾತಿಗೆ ತೂಕವಿರುತ್ತಿತ್ತು.

ಇನ್ನು ಸರ್ವೇಯರ್ ಕಡಿಮೆ ಬರೆಯುವ ವಿಷಯ. ನೆರೆ ಇಳಿದ ಮನೆಯಲ್ಲಿ ಮೊದಲು ಕಾಣುವುದು ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಎಳೆದಂತಿರುವ ಕಂದು ಗೆರೆ. ಅದರ ಕೆಳಗೆ ಉಬ್ಬಿದ ಪ್ಲೈವುಡ್ ಕಪಾಟು, ಕೆಸರು ಹೀರಿ ಇಬ್ಬರಿಂದಲೂ ಎತ್ತಲಾಗದಷ್ಟು ಭಾರವಾದ ಹಾಸಿಗೆ, ಬಾಗಿಲು ತೆರೆದರೆ ನೀರು ಸುರಿಯುವ ಫ್ರಿಜ್ಜು. ಮನೆಯವರು ಮಾಡುವ ಮೊದಲ ಕೆಲಸ, ಸಹಜವಾಗಿಯೇ, ನಾತ ತಡೆಯಲಾರದೆ ಎಲ್ಲವನ್ನೂ ಬೀದಿಗೆ ಎಸೆದು, ಬಕೆಟಿನಲ್ಲಿ ನೀರು ಹೊಯ್ದು, ಗೋಡೆಯ ಗೆರೆಯನ್ನು ಪೊರಕೆಯಿಂದ ಉಜ್ಜುವುದು. ಮೂರು ದಿನದ ಬಳಿಕ ಬಂದ ಸರ್ವೇಯರಿಗೆ ಕಾಣುವುದು ತೊಳೆದ ನೆಲ ಮತ್ತು ಖಾಲಿ ಕೋಣೆ. ಅವನು ಬರೆಯುವ ವರದಿಯೂ ಅಷ್ಟೇ ಖಾಲಿ. ಕಂಪನಿಗೆ ಅದೇ ದಿನ ತಿಳಿಸಿ, ಗೆರೆಯ ಪಕ್ಕ ಅಳತೆಯ ಟೇಪು ಹಿಡಿದು ಚಿತ್ರ ತೆಗೆದು, ಹಾಳಾದ ಸಾಮಾನಿನ ಮಾಡೆಲ್ ಸಂಖ್ಯೆಯ ಚೀಟಿಗಳನ್ನಾದರೂ ತೆಗೆದಿಟ್ಟಿದ್ದರೆ ಆ ಕೋಣೆ ಖಾಲಿಯಾಗಿ ಕಾಣುತ್ತಿರಲಿಲ್ಲ. ಇದೆಲ್ಲ ಮಾಡಿಯೂ ಅನ್ಯಾಯವಾದರೆ, ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು, ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ, 50 ಲಕ್ಷದವರೆಗಿನ ವ್ಯಾಜ್ಯವನ್ನು ಅಲ್ಲಿ ಕೇಳುತ್ತಾರೆ.

ಕೊನೆಗೆ ಉಳಿಯುವುದು ಬ್ಯಾಂಕಿನವರು ಮಾಡಿಸಿದ್ದಾರೆಂಬ ನೆಮ್ಮದಿ. ತಾವು ವಿಮೆಯೊಳಗಿದ್ದೇವೆಂಬ ಭ್ರಮೆಯಲ್ಲಿ ಜನರನ್ನು ಮಲಗಿಸುವುದರಿಂದ ಇದು ಉಳಿದೆಲ್ಲ ವಾದಗಳಿಗಿಂತ ಅಪಾಯಕಾರಿ. ಸಾಲ ಕೊಡುವಾಗ ಬ್ಯಾಂಕು ಮಾಡಿಸುವ ‘ಸಾಲ ರಕ್ಷಣೆ’ ಪಾಲಿಸಿ ಬಹಳ ಸಲ ಜೀವ ವಿಮೆ: ಸಾಲಗಾರ ತೀರಿಕೊಂಡರೆ ಬಾಕಿ ಸಾಲ ತೀರುತ್ತದೆ, ಸಾಲ ಇಳಿದಂತೆ ಅದರ ಮೊತ್ತವೂ ಇಳಿಯುತ್ತ ಹೋಗುತ್ತದೆ, ಅದರ ಒಂದೇ ಗಂಟಿನ ಕಂತನ್ನು ಸಾಲಕ್ಕೇ ಸೇರಿಸಿ ಬಡ್ಡಿ ಹಾಕಿರುತ್ತಾರೆ. ಮನೆಗೆ ನೀರು ನುಗ್ಗಿದರೆ ಅದರಿಂದ ಒಂದು ರೂಪಾಯಿಯೂ ಬಾರದು. ಕಟ್ಟಡಕ್ಕೂ ಪಾಲಿಸಿ ಮಾಡಿಸಿದ್ದರೆ ಅದು ಸಾಲದ ಮೊತ್ತಕ್ಕೆ ಸೀಮಿತವಾಗಿರಬಹುದು, ಅದರಲ್ಲಿರುವ ಬ್ಯಾಂಕ್ ಷರತ್ತಿನಂತೆ ಪರಿಹಾರ ಮೊದಲು ಹೋಗುವುದು ಬ್ಯಾಂಕಿಗೆ. ಬ್ಯಾಂಕು ಕಾಯುವುದು ತನ್ನ ಸಾಲವನ್ನು. ಅದು ತಪ್ಪಲ್ಲ, ಅದನ್ನು ಮನೆಯ ಕಾವಲೆಂದು ತಿಳಿದುಕೊಳ್ಳುವುದು ತಪ್ಪು. ಇಪ್ಪತ್ತು ವರ್ಷ ಕಂತು ಕಟ್ಟಿ ಸಾಲ ತೀರಿಸಿದ ದಿನ ಸಂಸಾರ ಬ್ಯಾಂಕಿಗೆ ಹೋಗಿ, ಕ್ರಯಪತ್ರ, ಖಾತೆ, ಋಣಭಾರ ಪತ್ರಗಳ ಹಳದಿ ಲಕೋಟೆಯನ್ನು ಸಹಿ ಹಾಕಿ ಪಡೆದು, ಮನೆಗೆ ತಂದು ದೇವರ ಮುಂದಿಡುತ್ತದೆ. ಆ ಲಕೋಟೆಯನ್ನು ಬಿಚ್ಚಿ ಒಂದೊಂದು ಕಾಗದವನ್ನೂ ತೆಗೆದು ನೋಡಿದರೆ ನೆಲದ ಒಡೆತನಕ್ಕೆ ಬೇಕಾದ ಎಲ್ಲ ಪುರಾವೆಯೂ ಅದರಲ್ಲಿರುತ್ತದೆ. ಬ್ಯಾಂಕಿಗಾಗಿ ಮಾಡಿಸಿದ್ದ ಪಾಲಿಸಿಯ ಅವಧಿ ಸಾಲದ ಜೊತೆಗೇ ಮುಗಿದಿರುತ್ತದೆ, ಗೋಡೆಗಳಿಗೆ ಸಂಬಂಧಿಸಿದ ಕಾಗದ ಒಂದೂ ಅದರಲ್ಲಿರುವುದಿಲ್ಲ.